ಅತ್ತಿಗೆ ಬಿಡಿಸಿ ಬರೆದ ಸಾಲುಗಳು

ಬೆಸುಗೆ ಹಾಕುವಾಗ ಏಳುವ ಹೊಗೆಗೆ ಅದರದೇ ಒಂದು ವಾಸನೆಯಿದೆ. ತಂತಿಯೊಳಗಿನ ರಾಳ ಸುಡುವ ವಾಸನೆ ಅದು. ಅರ್ಧ ದೇವರಮನೆ, ಅರ್ಧ ರೇಡಿಯೋ ರಿಪೇರಿ ಅಂಗಡಿ. ವಸಂತನರಸಾಪುರದಲ್ಲಿ ನಾನು ಕೆಲಸ ಮಾಡುವ ಶೆಡ್ಡಿನಲ್ಲಿ ಮೊನ್ನೆ ಬೆಳಿಗ್ಗೆ ಮಂಜುನಾಥ ಹೊಸ ಚಿಪ್ಪೊಂದನ್ನು ಬೋರ್ಡಿಗೆ ಕೂರಿಸುತ್ತಿದ್ದ. ನಾನಿನ್ನೂ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದೆ. ಆ ವಾಸನೆ ಮೂಗಿಗೆ ಬಂದದ್ದೇ, "ಅತ್ಗೆ, ಫ್ಯಾನ್ ಹಾಕ್ಕೊಳ್ಳಿ" ಎಂದುಬಿಟ್ಟೆ. ಮಂಜುನಾಥ ತಲೆ ಎತ್ತಿ ನೋಡಿದ. ಎದ್ದು ಹೋಗಿ ಫ್ಯಾನ್ ಹಾಕಿ ಬಂದ. ನಮ್ಮಲ್ಲಿಗೆ ಸೇರಿ ಎರಡು ವರ್ಷವಾದ ಇಂಜಿನಿಯರು, ಸೂಕ್ಷ್ಮದ ಮನುಷ್ಯ.

ಅತ್ತಿಗೆ ಹೋಗಿ ಇನ್ನೂ ವರ್ಷ ತುಂಬಿಲ್ಲ. ಅವರು ನನ್ನ ಅಣ್ಣನ ಹೆಂಡತಿ. ಇಲ್ಲಿ ನನ್ನ ಪಕ್ಕದ ಮೇಜಿನವರೂ ಹೌದು, ಬೆಸುಗೆ ಹಾಕುತ್ತಿದ್ದವರೂ ಅವರೇ. ಹೊಸ ಚಿಪ್ಪು ಬಂದದ್ದರಿಂದ ಅವರು ಬರೆದಿಟ್ಟಿದ್ದ ಪ್ರೋಗ್ರಾಮಿನ ದೊಡ್ಡದೊಂದು ಭಾಗವನ್ನು ಉಳಿಸಬೇಕೋ ತೆಗೆಯಬೇಕೋ ಎನ್ನುವುದು ಆ ದಿನ ನನ್ನ ತಲೆಯ ಮೇಲೆ ಬಿತ್ತು. ತೆಗೆದರೆ ಅಣ್ಣನಿಗೆ ಏನೆಂದು ಹೇಳಲಿ ಎನ್ನುವ ಚಿಂತೆ ಅದರ ಬೆನ್ನಿಗೇ ಬಂತು. ನಮ್ಮಿಬ್ಬರ ನಡುವೆ ಮಾತು ಮೊದಲೇ ಕಮ್ಮಿಯಾಗಿತ್ತು. ಯಾಕೆ ಎಂದು ಹೇಳುತ್ತೇನೆ. ಸ್ವಲ್ಪ ಸುತ್ತಿಕೊಂಡು ಹೋಗೋಣ. ನಮ್ಮ ಗುಬ್ಬಿಯ ಬಸ್ಸೂ ಯಾವತ್ತೂ ನೇರವಾಗಿ ಹೋದದ್ದಿಲ್ಲ.

ನಾವು ತಯಾರಿಸುವುದು ತೆಂಗಿನ ತೋಟದ ಪಂಪಿಗೆ ಹಾಕುವ ಆಟೋ ಸ್ಟಾರ್ಟರ್. ಮೂರು ಫೇಸ್ ಕರೆಂಟು ಸರಿಯಾಗಿ ಬಂದರೆ ಮೋಟಾರು ತಾನೇ ಶುರುವಾಗಬೇಕು. ಒಂದು ಫೇಸ್ ಹೋದರೆ ತಾನೇ ನಿಲ್ಲಬೇಕು. ನಿಲ್ಲದಿದ್ದರೆ ಮೋಟಾರು ಸುಟ್ಟುಹೋಗುತ್ತದೆ. ಡಬ್ಬದೊಳಗಿನ ಬೋರ್ಡಿನಲ್ಲಿ ಕರೆಂಟಿನ ಮೇಲೆ ಕಣ್ಣಿಟ್ಟಿರುವ ಒಂದು ಚಿಪ್ಪಿರುತ್ತದೆ. ಆ ಚಿಪ್ಪಿನ ಜೊತೆ ಮಾತಾಡಿ, ಅದು ಹೇಳಿದ್ದನ್ನು ತಿಳಿದುಕೊಳ್ಳುವ ಪ್ರೋಗ್ರಾಮಿಗೆ ಡ್ರೈವರ್ ಎನ್ನುತ್ತಾರೆ. ಅದನ್ನು ಬರೆಯುವುದು ನಮ್ಮಿಬ್ಬರ ಕೆಲಸವಾಗಿತ್ತು.

ಅತ್ತಿಗೆ ಅಮೃತೂರಿನವರು. ನನ್ನಂತೆಯೇ ಡಿಪ್ಲೊಮಾ ಓದಿದವರು. ಮದುವೆಯಾಗಿ ಗುಬ್ಬಿಗೆ ಬಂದ ಹೊಸದರಲ್ಲಿ, ಇನ್ನೊಬ್ಬರು ಬೇಕಾಗಿದ್ದಾರೆ ಎಂದು ನಾನೇ ಅವರನ್ನು ಇಲ್ಲಿಗೆ ಕರೆದುಕೊಂಡು ಬಂದೆ. ಅತ್ತಿಗೆ ನಾದಿನಿ ಒಂದೇ ಮನೆಯಲ್ಲಿದ್ದು ಒಂದೇ ಕಡೆ ದುಡಿದರೆ ಎಷ್ಟು ದಿನ ನಡೆದೀತು ಎಂದು ನೆಂಟರೆಲ್ಲ ಕಾದರು. ನಮಗೆ ಜಗಳವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಅವರು ಕಾದಿದ್ದ ಜಗಳ ಅದಲ್ಲ. ನಮ್ಮದು ಮ್ಯಾಕ್ರೋ ಜಗಳ.

ಮ್ಯಾಕ್ರೋ ಎಂದರೆ ಒಂದು ಉದ್ದನೆಯ ಕೆಲಸಕ್ಕೆ ಇಟ್ಟುಕೊಂಡ ಗಿಡ್ಡ ಹೆಸರು. ನಾವು ಆ ಹೆಸರು ಬರೆದಲ್ಲೆಲ್ಲ ಕಂಪ್ಯೂಟರು ಅದರ ಹಿಂದಿನ ಉದ್ದ ಸಾಲುಗಳನ್ನು ತಂದು ತುಂಬಿಕೊಳ್ಳುತ್ತದೆ. ನಾನು ಮೊದಲಿನಿಂದಲೂ ಬೆರಳಿನ ಸೋಮಾರಿ. ಒಂದು ಪದದಲ್ಲಿ ಮುಗಿಯುವುದನ್ನು ಐದು ಸಾಲಿನಲ್ಲಿ ಬರೆಯುವುದು ನನಗೆ ಆಗಿಬರುವುದಿಲ್ಲ. ಅತ್ತಿಗೆ ಇದಕ್ಕೆ ತದ್ವಿರುದ್ಧ. ಚಿಪ್ಪಿನೊಳಗೆ ಮಾಹಿತಿ ಇಡುವ ಸಣ್ಣ ಸಣ್ಣ ಮನೆಗಳಿರುತ್ತವೆ. ಯಾವ ಮನೆಗೆ ಏನು ಬರೆದೆ, ಯಾವ ಮನೆಯಿಂದ ಏನು ಓದಿದೆ, ಎಲ್ಲವನ್ನೂ ಬಿಡಿಸಿ ಒಂದರ ಕೆಳಗೊಂದು ಬರೆಯುತ್ತಿದ್ದರು. ಅವರ ಪುಟ ರಾಗಿ ಹೊಲದ ಸಾಲಿನ ಹಾಗೆ ಉದ್ದಕ್ಕೆ ಹೋಗುತ್ತಿತ್ತು.

"ಅತ್ಗೆ, ಇಷ್ಟುದ್ದ ಓದೋರ್ ಯಾರು?" ಎಂದರೆ, "ನಾನೇ ಓದ್ತೀನಿ ಬುಡು" ಎನ್ನುತ್ತಿದ್ದರು.

ಒಂದು ದಿನ ಬಸ್ಸಿನಲ್ಲಿ ತಮ್ಮ ಪಕ್ಷವನ್ನು ಮಂಡಿಸಿದರು. "ನಿನ್ ಮ್ಯಾಕ್ರೋ ಅಂದ್ರೆ ನಮ್ಮತ್ತೆ 'ಹಬ್ಬ ಮಾಡ್ಬುಡಮ್ಮ' ಅಂದಂಗೆ ಕಣೇ. ಅವ್ರಿಗೆ ಒಂದೇ ಮಾತು. ಹಿತ್ತಾಳೆ ಪಾತ್ರೆ ತಿಕ್ಕೋದು, ಮನೆ ಸಾರ್ಸೋದು, ಹೂರಣ ರುಬ್ಬೋದು, ಒಬ್ಬಟ್ಟು ತಟ್ಟೋದು, ಎಲ್ಲಾ ಆ ಮಾತಿನ್ ಒಳಗಡೆ ಇರ್ತದೆ. ಬಿಡ್ಸಿ ನೋಡೋಳು ನಾನು."

ಅವರ ಅತ್ತೆಯೆಂದರೆ ನನ್ನ ಅಮ್ಮ. ನಾನು ಆ ಮಾತನ್ನು ಹಾಗೇ ತಂದು ಅಮ್ಮನಿಗೆ ಒಪ್ಪಿಸಿದೆ. ನಾದಿನಿ ಎಂದ ಮೇಲೆ ಅಷ್ಟಾದರೂ ಮಾಡಬೇಕಲ್ಲ. ಅಮ್ಮನಿಗೆ ಮ್ಯಾಕ್ರೋ ಗೊತ್ತಿಲ್ಲ, ಆದರೆ ಉಳಿದದ್ದೆಲ್ಲ ಚೆನ್ನಾಗಿ ಅರ್ಥವಾಯಿತು. ಮುಂದಿನ ಯುಗಾದಿಗೆ ಬೆಳಿಗ್ಗೆ ಅತ್ತಿಗೆಯ ಕೋಣೆಯ ಬಾಗಿಲಲ್ಲಿ ನಿಂತು ಶುರುಮಾಡಿದಳು: "ತಕೋ ತಾಯಿ, ಬಿಡ್ಸೇ ಹೇಳ್ತೀನಿ. ಮೊದ್ಲು ಕಣ್ ಬಿಡು. ಆಮೇಲೆ ಎದ್ ಕೂತ್ಕೋ. ಹಾಸ್ಗೆ ಮಡ್ಚು. ಮಡ್ಚಿದ್ಮೇಲೆ ಕೆಳಗಿಡು, ತಲೆ ಮೇಲ್ ಇಟ್ಕಂಡ್ ಓಡಾಡ್ಬೇಡ."

"ಸಾಕು ಬುಡಿ ಅತ್ತೆ, ಹಬ್ಬ ಮಾಡ್ತೀನಿ" ಎಂದು ಅತ್ತಿಗೆ ಒಳಗಿನಿಂದ ಕೈಮುಗಿದರು. ಆ ವರ್ಷ ಹೂರಣವನ್ನು ಅಮ್ಮನೇ ರುಬ್ಬಿಕೊಟ್ಟಳು.

ಬರೀ ಹಟಕ್ಕಾಗಿ ಅವರು ಬಿಡಿಸಿ ಬರೆಯುತ್ತಿರಲಿಲ್ಲ ಎನ್ನುವುದು ನನಗೆ ಸರಿಯಾಗಿ ತಿಳಿದದ್ದು ಹಳೆಯ ಚಿಪ್ಪಿನ ಕಾಲದಲ್ಲಿ. ಚಿಪ್ಪು ಮಾಡಿದವರು ಅದರ ಜೊತೆಗೆ ಒಂದಷ್ಟು ಸಿದ್ಧ ಮ್ಯಾಕ್ರೋಗಳನ್ನೂ ಕೊಟ್ಟಿದ್ದರು. ಎಲ್ಲರೂ ಅದನ್ನೇ ಬಳಸುತ್ತಿದ್ದರು, ನಾವೂ ಬಳಸಿದೆವು. ಪರೀಕ್ಷೆಯ ಮೇಜಿನ ಮೇಲೆ ಒಂದು ಫೇಸಿನ ತಂತಿ ಕಿತ್ತು ನೋಡಿದರೆ ಮೋಟಾರು ನಿಲ್ಲುತ್ತಲೇ ಇರಲಿಲ್ಲ. ಚಿಪ್ಪು ಕೆಟ್ಟಿದೆ ಎಂದು ಬದಲಾಯಿಸಿದೆವು, ಅದೂ ಹಾಗೇ. ಅತ್ತಿಗೆ ಆ ಮ್ಯಾಕ್ರೋವನ್ನು ತಮ್ಮ ಪದ್ಧತಿಯಂತೆ ಬಿಡಿಸಿ, ಒಂದೊಂದೇ ಸಾಲಾಗಿ ಬರೆದುಕೊಂಡು ಕೂತರು. ಮಧ್ಯಾಹ್ನ ಅಕ್ಕಿರೊಟ್ಟಿಗೆ ಹುಚ್ಚೆಳ್ಳು ಚಟ್ನಿ ಹಚ್ಚುತ್ತಾ ಇದ್ದಕ್ಕಿದ್ದಂತೆ ಕೈ ನಿಲ್ಲಿಸಿದರು.

"ಎರಡು ಸಲ ಓದ್ತಾ ಇದೆ ಕಣೇ."

ವಿಷಯ ಇಷ್ಟು. ಚಿಪ್ಪಿನಲ್ಲಿ ತಪ್ಪನ್ನು ಬರೆದಿಡುವ ಒಂದು ಮನೆಯಿತ್ತು. ಅದನ್ನು ಒಮ್ಮೆ ಓದಿದ ಕೂಡಲೇ ಅಲ್ಲಿರುವುದು ಅಳಿಸಿಹೋಗುತ್ತಿತ್ತು. ಚಿಪ್ಪಿನ ಸ್ವಭಾವವೇ ಹಾಗೆ. ಆ ಮ್ಯಾಕ್ರೋ, ತಪ್ಪೇನಾದರೂ ಇದೆಯೇ ಎಂದು ಒಮ್ಮೆ ಓದುತ್ತಿತ್ತು. ಇದೆ ಎಂದಾದರೆ, ಏನು ತಪ್ಪು ಎಂದು ತಿಳಿಯಲು ಮತ್ತೊಮ್ಮೆ ಓದುತ್ತಿತ್ತು. ಎರಡನೆಯ ಸಲಕ್ಕೆ ಅಲ್ಲಿ ಏನೂ ಇರುತ್ತಿರಲಿಲ್ಲ. ಹೊರಗಿನಿಂದ ನೋಡಿದರೆ ಒಂದೇ ಹೆಸರು, ಒಂದೇ ಕೆಲಸ, ಒಳಗೆ ಹೀಗೆ.

"ಅಂಚೆಯವ್ನು ಕಾಗ್ದ ಕೊಟ್ಟು ಹೋದ್ಮೇಲೆ, ಅದನ್ನ ಕೆಳಗ್ ಹಾಕ್ಬುಟ್ಟು ಇನ್ನೊಂದ್ಸಲ ಕೈ ಚಾಚ್ದಂಗಾಯ್ತು" ಎಂದರು ಅತ್ತಿಗೆ. ಆ ಮ್ಯಾಕ್ರೋವನ್ನು ಬಿಟ್ಟು, ಒಂದೇ ಸಲ ಓದಿ ಎತ್ತಿಟ್ಟುಕೊಳ್ಳುವ ಹಾಗೆ ತಾವೇ ಬಿಡಿಸಿ ಬರೆದರು. ಈಗ ತೆಗೆಯಬೇಕೋ ಬೇಡವೋ ಎಂದು ನಾನು ಒದ್ದಾಡಿದ್ದು ಆ ಪುಟಗಳಿಗಾಗಿಯೇ.

ಅವರನ್ನು ದೇವರು ಮಾಡಿ ಕೂರಿಸುವುದು ನನಗೆ ಇಷ್ಟವಿಲ್ಲ. ಬಿಡಿಸಿ ಬರೆಯುವುದಕ್ಕೂ ಅದರದೇ ಖರ್ಚಿದೆ. ಬೋರ್ಡಿನಲ್ಲಿ ರಿಲೇಯ, ಅಂದರೆ ಮೋಟಾರನ್ನು ಶುರುಮಾಡಿ ನಿಲ್ಲಿಸುವ ಸ್ವಿಚ್ಚಿನ, ಜಾಗ ಬದಲಾದಾಗ, ಅತ್ತಿಗೆ ತಾವು ಬಿಡಿಸಿ ಬರೆದ ಕಡೆಗಳಲ್ಲೆಲ್ಲ ತಿದ್ದುತ್ತಾ ಹೋಗಿ ಒಂದು ಕಡೆ ಮರೆತರು. ಕರೆಂಟು ಹೋಗಿ ಮತ್ತೆ ಬಂದಾಗ ಮಾತ್ರ ಓಡುವ ಜಾಗ ಅದು. ಮೋಟಾರು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಹುಡುಕಿ ಹಿಡಿದವಳು ನಾನು.

"ಬಿಡ್ಸಿ ಬರೆದ್ಮೇಲೆ ಬಿಡ್ಸೇ ತಿದ್ದಬೇಕಲ್ವಾ ಅತ್ಗೆ? ಮ್ಯಾಕ್ರೋ ಇದ್ದಿದ್ರೆ ಒಂದೇ ಕಡೆ ಮುಗೀತಿತ್ತು."

"ಆಯ್ತು ಕಣಮ್ಮ, ಸಿಕ್ಕಾಕ್ಕೊಂಡೆ. ಈಗ ಊರಿಗೆಲ್ಲ ಡಂಗುರ ಹೊಡಿ."

ನಾನು ಅಮ್ಮನ ಮುಂದೆ ಮಾತ್ರ ಹೊಡೆದೆ. ಆಮೇಲೆ ನಮ್ಮಿಬ್ಬರಲ್ಲಿ ಒಂದು ರಾಜಿಯಾಯಿತು. "ಹೆಸರಿಗೆ ಮ್ಯಾಕ್ರೋ ಇರ್ಲಿ, ಕೆಲ್ಸಕ್ಕೆ ಬೇಡ" ಎಂದರು ಅತ್ತಿಗೆ. ರಿಲೇ ಎಲ್ಲಿದೆ, ಯಾವ ಮನೆಯ ನಂಬರು ಏನು ಎನ್ನುವುದನ್ನೆಲ್ಲ ಹೆಸರಿಟ್ಟು ಒಂದೇ ಕಡೆ ಇಡುವುದು. ಓದುವುದು, ಬರೆಯುವುದು, ಮೋಟಾರು ನಿಲ್ಲಿಸುವುದು ಇಂಥ ಕೆಲಸಗಳನ್ನು ಕಣ್ಣಿಗೆ ಕಾಣುವಂತೆ ಬರೆಯುವುದು. ನಮ್ಮ ಸ್ಟಾರ್ಟರುಗಳು ಇವತ್ತಿಗೂ ಆ ರಾಜಿಯ ಮೇಲೆ ಓಡುತ್ತಿವೆ.

ಆಮೇಲೆ ಅತ್ತಿಗೆಗೆ ಕಾಯಿಲೆ ಬಂತು. ತುಮಕೂರಿನ ಆಸ್ಪತ್ರೆಯಲ್ಲಿ ಅಣ್ಣ ಡಾಕ್ಟರ ಕೋಣೆಗೆ ಒಬ್ಬನೇ ಹೋಗಿ ಬರುತ್ತಿದ್ದ. ಗುಬ್ಬಿಯಲ್ಲಿ ಪಂಪಿನ ಬಿಡಿಭಾಗಗಳ ಅಂಗಡಿ ಇಟ್ಟುಕೊಂಡಿರುವ ಅವನು ಮಾತಿನಲ್ಲಿ ಜೋರು. ಅಲ್ಲಿಂದ ಹೊರಗೆ ಬಂದಾಗ ಮಾತ್ರ "ಸುಧಾರಿಸ್ತಾ ಇದೆಯಂತೆ" ಎಂದಷ್ಟೇ ಹೇಳಿ ಕಿಟಕಿಯ ಹತ್ತಿರ ಹೋಗಿ ನಿಲ್ಲುತ್ತಿದ್ದ. ಒಂದು ಮಧ್ಯಾಹ್ನ ಅವನು ಔಷಧಿ ತರಲು ಇಳಿದು ಹೋದಾಗ ಅತ್ತಿಗೆ ನನ್ನನ್ನು ಹತ್ತಿರ ಕರೆದರು.

"ನಿಮ್ಮಣ್ಣ ಸುಧಾರಿಸ್ತಾ ಇದೆ ಅಂತಾನೆ. ಅದರೊಳಗೆ ಏನೇನಿದೆ?"

ನಾನು ಹಾಸಿಗೆಯ ಬಟ್ಟೆ ಸರಿಮಾಡತೊಡಗಿದೆ.

"ನೀನು ಹೇಳು. ಬಿಡ್ಸಿ ಹೇಳು."

ನಾನು ಡಾಕ್ಟರನ್ನು ಬೇರೆಯಾಗಿ ಕಂಡಿದ್ದೆ, ಅದು ಅವರಿಗೆ ಗೊತ್ತಿತ್ತು. ಹೇಳಿದೆ. ಕಾಯಿಲೆ ಈಗ ಯಕೃತ್ತಿಗೂ ಹರಡಿದೆ ಎಂದೆ. ಕೊಡುತ್ತಿರುವ ಔಷಧಿ ನೋವಿಗೇ ಹೊರತು ಕಾಯಿಲೆಗಲ್ಲ ಎಂದೆ. ಇನ್ನು ತಿಂಗಳುಗಳ ಮಾತು, ವರ್ಷಗಳದ್ದಲ್ಲ ಎಂದೆ. ಅವರು ಒಂದೊಂದು ಮಾತಿಗೂ ತಲೆಯಾಡಿಸುತ್ತಾ ಕೇಳಿದರು. ಕೊನೆಗೆ, "ಅಮೃತೂರಿಂದ ಅವ್ವನ್ನ ಕರಸ್ಕೊಂಡ್ಬಾ. ನನ್ನನ್ನ ಮನೆಗ್ ಕರ್ಕೊಂಡ್ ಹೋಗಿ" ಎಂದರು. ಆಮೇಲೆ ನನ್ನ ಕೈ ಹಿಡಿದು, "ಒಳ್ಳೇದ್ ಮಾಡ್ದೆ ಕಣೇ" ಎಂದರು.

ಅಣ್ಣನಿಗೆ ಹಾಗೆ ಅನಿಸಲಿಲ್ಲ. "ಯಾಕ್ ಹೇಳ್ದೆ? ಅವಳು ಆಸೆ ಇಟ್ಕೊಂಡಿದ್ಲಲ್ಲ" ಎಂದು ಆಸ್ಪತ್ರೆಯ ಮೆಟ್ಟಿಲಲ್ಲೇ ಕೇಳಿದ. ಅತ್ತಿಗೆ ಮನೆಗೆ ಬಂದರು. ಅವರವ್ವ ತಿಂಗಳುಗಟ್ಟಲೆ ನಮ್ಮಲ್ಲೇ ಇದ್ದು ತಲೆಗೆ ಎಣ್ಣೆ ಹಚ್ಚಿದರು, ಅಮ್ಮನ ಜೊತೆ ಸೇರಿ ನಮ್ಮೆಲ್ಲರನ್ನೂ ಬೈದರು. ಸಂಜೆ ಅತ್ತಿಗೆ ಜಗಲಿಯ ಮೇಲೆ ಕೂತು ಅಣ್ಣ ಅಂಗಡಿ ಮುಚ್ಚಿ ಬರುವುದನ್ನು ನೋಡುತ್ತಿದ್ದರು. ಅಷ್ಟು ದಿನ ನಮಗೆ ಸಿಕ್ಕಿತಲ್ಲ ಎಂದು ನಾನು ಈಗಲೂ ಋಣಿ. ಆದರೆ ಅವರು ಹೋದ ಮೇಲೆ ಅಣ್ಣ ನನ್ನ ಜೊತೆ ಬೇಕಾದಷ್ಟೇ ಮಾತಾಡಿದ. ಒಂದನ್ನು ಮಾತ್ರ ಆಗಾಗ ಕೇಳುತ್ತಿದ್ದ: "ಅವಳು ಬರೆದಿದ್ದು ನಡೀತಾ ಇದೆಯಾ?" ನಾನು "ನಡೀತಾ ಇದೆ" ಎನ್ನುತ್ತಿದ್ದೆ.

ಮೊನ್ನೆಗೆ ಬರುತ್ತೇನೆ. ಹಳೆಯ ಚಿಪ್ಪು ಇನ್ನು ಸಿಗುವುದಿಲ್ಲ. ಹೊಸದರ ಜೊತೆಗೂ ಸಿದ್ಧ ಮ್ಯಾಕ್ರೋಗಳು ಬಂದಿವೆ. ಮಂಜುನಾಥ ಮೆಲ್ಲಗೆ ವಿಷಯ ಎತ್ತಿದ. "ಮೇಡಂ, ಇವನ್ನೇ ಹಾಕಿದ್ರೆ ಆ ಅಷ್ಟೂ ಪುಟ ತೆಗೀಬೋದು. ನೀವು ನೋಡಿ ಹೇಳಿ. ನೀವು ಬೇಡ ಅಂದ್ರೆ ಹೊಸ ಚಿಪ್ಪಿಗೆ ಅದನ್ನೇ ಹೊಂದಿಸ್ತೀನಿ."

ಬೇಡ ಎನ್ನಲು ಬಾಯಿ ತೆರೆದಿದ್ದೆ. ಹಳೆಯ ಮ್ಯಾಕ್ರೋದ ಕಥೆ ಹೇಳಿದರೆ ಸಾಕು, ಅವನು ಒಪ್ಪುತ್ತಿದ್ದ. ಆದರೆ ಉಳಿಸಲು ಹೊರಟದ್ದು ಮೋಟಾರನ್ನೋ ಅತ್ತಿಗೆಯನ್ನೋ ಎಂದು ಆ ಕ್ಷಣಕ್ಕೆ ನನಗೆ ಗೊತ್ತಿರಲಿಲ್ಲ. ಮ್ಯಾಕ್ರೋಗಳನ್ನೆಲ್ಲ ಬಿಡಿಸಿ ತೋರಿಸು ಎಂದು ಕಂಪ್ಯೂಟರಿಗೆ ಹೇಳುವ ಒಂದು ದಾರಿಯಿದೆ. ಹಾಗೆ ಮಾಡಿ ಓದಲು ಕೂತೆ. ಬೆರಳಿನ ಸೋಮಾರಿಯಾದ ನಾನು ಒಂದು ಸಾಲನ್ನೂ ಹಾರಿಸಲಿಲ್ಲ. ನಿಜ ಹೇಳುತ್ತೇನೆ, ತಪ್ಪು ಸಿಗಲಿ ಎಂದೇ ಓದುತ್ತಿದ್ದೆ. ಸಿಗಲಿಲ್ಲ. ಒಂದೇ ಸಲ ಓದುತ್ತಿತ್ತು, ಓದಿದ್ದನ್ನು ಎತ್ತಿಟ್ಟುಕೊಳ್ಳುತ್ತಿತ್ತು. ಅತ್ತಿಗೆ ಮಾಡಿದ್ದನ್ನೇ ಅಲ್ಲೆಲ್ಲೋ ಕೂತ ಇನ್ನೊಬ್ಬರು ಅಚ್ಚುಕಟ್ಟಾಗಿ ಮಾಡಿದ್ದರು. ಮೇಜಿನ ಮೇಲೆ ಬೋರ್ಡು ಇಟ್ಟು ಫೇಸುಗಳ ತಂತಿಗಳನ್ನು ಒಂದೊಂದಾಗಿ ಕಿತ್ತು ನೋಡಿದೆವು. ಪ್ರತಿ ಸಲವೂ ರಿಲೇ ಟಕ್ ಎಂದು ಬಿಟ್ಟುಕೊಂಡಿತು, ಮೋಟಾರು ನಿಂತಿತು.

ಆ ಪುಟಗಳನ್ನು ನಾನೇ ತೆಗೆದೆ. ಮಂಜುನಾಥ ಟೀ ತಂದು ಮೇಜಿನ ಮೇಲಿಟ್ಟು, "ಬೇಜಾರಾಯ್ತಾ ಮೇಡಂ?" ಎಂದ.

"ಆಯ್ತು ಕಣಪ್ಪ. ಆದ್ರೆ ಪೂರ್ತಿ ಓದಿ ತೆಗ್ದೆ" ಎಂದೆ.

ಮನೆಗೆ ಬಂದಾಗ ಅಮ್ಮ ಇರಲಿಲ್ಲ, ಗೂಳೂರಿನ ಚಿಕ್ಕಮ್ಮನ ಮನೆಗೆ ಹೋಗಿದ್ದಳು. ಅಣ್ಣ ಅಡುಗೆಮನೆಯಲ್ಲಿ ಕುಕ್ಕರ್ ಮುಂದೆ ನಿಂತಿದ್ದ. ತಿರುಗದೆಯೇ ಕೇಳಿದ, "ಅವಳು ಬರೆದಿದ್ದು ನಡೀತಾ ಇದೆಯಾ?"

ಹೂಂ ಎಂದಿದ್ದರೆ ಮುಗಿದುಹೋಗುತ್ತಿತ್ತು. ನಾನು ಬಾಗಿಲ ಚೌಕಟ್ಟಿಗೆ ಒರಗಿ ನಿಂತು ಹೇಳಿದೆ. ಹಳೇ ಚಿಪ್ಪು ನಿಂತುಹೋಯಿತು ಎಂದೆ. ಹೊಸದಕ್ಕೆ ಅತ್ತಿಗೆಯ ಪುಟಗಳು ಬೇಕಾಗಿಲ್ಲ ಎಂದೆ. ಇವತ್ತು ನಾನೇ ಕೂತು ತೆಗೆದೆ ಎಂದೆ. ತೆಗೆಯದಿರಲು ಕಾರಣ ಹುಡುಕಿದೆ, ಸಿಗಲಿಲ್ಲ ಎಂದೆ.

ಅಣ್ಣ ಒಲೆ ಆರಿಸಿದ. ನನ್ನ ಕಡೆ ತಿರುಗಿದ. "ಮೊದ್ಲು ಮಾರಿರೋ ಡಬ್ಬಗಳಲ್ಲಿ?"

"ಅದ್ರಲ್ಲೆಲ್ಲ ಅತ್ಗೇದೇ ಅಣ್ಣ. ಈಗ ತೋಟದಲ್ಲಿ ಓಡ್ತಿರೋದೆಲ್ಲ ಅವ್ರು ಬರೆದಿದ್ದೇ. ಅದನ್ ಯಾರೂ ಮುಟ್ಟಲ್ಲ."

ಅವನು ಮಸಿಬಟ್ಟೆಯಲ್ಲಿ ಕೈ ಒರೆಸಿಕೊಂಡ. "ಅವತ್ತು ಆಸ್ಪತ್ರೇಲೂ ಹಿಂಗೇ ಹೇಳಿರ್ತೀಯ ಅವಳ್ಗೆ" ಎಂದ. "ಒಳ್ಳೇದಾಯ್ತು ಬುಡು. ನನ್ ಕೈಲಿ ಆಗ್ತಿರ್ಲಿಲ್ಲ."

ಆಮೇಲೆ ಕುಕ್ಕರಿನ ಮುಚ್ಚಳ ತೆಗೆದು, "ಕೈ ತೊಳ್ಕಂಡ್ ಬಾ, ಬಡುಸ್ತೀನಿ" ಎಂದ. ಅಣ್ಣ ಮಾಡಿದ ಅನ್ನಕ್ಕೆ ನೀರು ಹೆಚ್ಚಾಗಿ ಗಂಜಿಯ ಹಾಗಾಗಿತ್ತು. ಇಬ್ಬರೂ ಎದುರುಬದುರು ಕೂತು ಉಂಡೆವು. ನಾನು ಇನ್ನೊಂದು ಸಲ ಹಾಕಿಸಿಕೊಂಡೆ.