ಗೌರತ್ತೆಯ ಮೈಮೇಲಿನ ಕಲೆಗಳು

ಬಂದ ನೆಂಟರನ್ನು ಗೌರತ್ತೆ ಬರಮಾಡಿಕೊಳ್ಳುತ್ತಿದ್ದುದೇ ಬಾಗಿಲ ಚೌಕಟ್ಟಿಗೆ ಬೆನ್ನು ಉಜ್ಜಿಕೊಳ್ಳುತ್ತಾ. "ಕುಂತ್ಕಳಿ, ಇದ್ರ ನವೆ ತೀರಿಸ್ಬುಟ್ಟು ಬತ್ತೀನಿ" ಎನ್ನುವಳು. ನಾಚಿಕೆಗೀಚಿಕೆ ಏನೂ ಇಲ್ಲ. ಅವಳೂರು ಕಂಪಲಾಪುರದ ಹೊಗೆಸೊಪ್ಪಿನ ವ್ಯಾಪಾರಿಗಳೂ ನನ್ನ ಈ ಸೋದರತ್ತೆಯ ಬಾಯಿಗೆ ಹೆದರುತ್ತಿದ್ದರು.

ಎದೆ, ಬೆನ್ನು, ಸೊಂಟದ ಮೇಲೆ ಅಂಗೈಯಗಲದ ಕೆಂಪು ಕಲೆಗಳು. ಹುಳುಕಡ್ಡಿಯೆಂದು ಗಂಧಕ ಹಚ್ಚಿದರು, ಬೇವು ಅರೆದು ಬಳಿದರು. ಕೊರಳಲ್ಲಿ ಲಿಂಗವಿಟ್ಟುಕೊಳ್ಳುವ ಕರಡಿಗೆಯ ಬೆಳ್ಳಿಯೇ ಕಲಬೆರಕೆಯೆಂದು ಹೊಸದನ್ನು ಮಾಡಿಸಿದರು. ಯಾವುದಕ್ಕೂ ಬಗ್ಗದಿದ್ದಾಗ ಕುಷ್ಠವೆಂಬ ಗುಸುಗುಸು ಎದ್ದಿತು. ಅಕ್ಕಪಕ್ಕದ ಹೆಂಗಸರು ಅವಳ ಕೈನೀರು ಕುಡಿಯುವುದನ್ನೇ ಬಿಟ್ಟರು. ಅಷ್ಟು ಬಾಯಿಯ ಅತ್ತೆ ಗಂಟು ಕಟ್ಟಿಕೊಂಡು ಮೈಸೂರಿನ ನಮ್ಮ ಮನೆಗೆ ಬಂದಳು.

ಐವತ್ತರ ದಶಕದ ಆ ದಿನಗಳಲ್ಲಿ ಚರ್ಮಕ್ಕೆಂದೇ ಒಬ್ಬ ಡಾಕ್ಟರಿರುತ್ತಾರೆಂಬುದು ನನಗೂ ಹೊಸ ವಿಷಯ. ಅವರು ಅತ್ತೆಯ ಕಣ್ಣು ಮುಚ್ಚಿಸಿ ಕಲೆಗಳಿಗೆ ಸೂಜಿ ಚುಚ್ಚಿದರು. "ಅಯ್ಯೋ, ಯಾವನ್ಲಾ ಅವ್ನು!" ಎಂದು ಅತ್ತೆ ಕಿರುಚಿದಳು. ಚುಚ್ಚಿದ್ದು ಇಷ್ಟು ಚೆನ್ನಾಗಿ ಗೊತ್ತಾಗುತ್ತಿದೆ, ಕುಷ್ಠವಿರಲಾರದು ಎಂದು ಡಾಕ್ಟರು ನಕ್ಕರು. ನಾವೂ ನಕ್ಕೆವು. ಆಮೇಲೆ ಚರ್ಮದ ಚೂರೊಂದನ್ನು ತೆಗೆದು ಪರೀಕ್ಷೆಗೆ ಕಳಿಸಿದರು. ಅದರಿಂದ ಏನೂ ತಿಳಿಯದೆ ಇನ್ನೊಂದು ತೆಗೆದರು. ಅದರ ಫಲಿತಾಂಶ ಬಂದ ದಿನ ಅವರು ನಗಲಿಲ್ಲ.

"ಬಿಳಿ ರಕ್ತಕಣಗಳು ಕೆಟ್ಟು ಚರ್ಮದಲ್ಲಿ ಬಂದು ಸೇರ್ಕೊಂಡಿವೆ. ಇದೂ ಒಂದು ಕ್ಯಾನ್ಸರೇ ಕಣಮ್ಮ."

ಇಷ್ಟು ವರ್ಷ ಬೇವು ಬಳಿದದ್ದು ಕ್ಯಾನ್ಸರಿಗೆಯೇ?

ಎಕ್ಸ್‌ರೇ ಕಿರಣ ಕೊಡಬೇಕು, ಕೊರಳಿನ ಕರಡಿಗೆ ತೆಗೆಯಿರಿ ಎಂದು ಡಾಕ್ಟರು ಹೇಳಿದಾಗ ಅತ್ತೆ ಮೇಜಿನಿಂದ ಇಳಿದೇಬಿಟ್ಟಳು. "ಪ್ರಾಣ ಓದ್ರೆ ಓಗ್ಲಿ, ಲಿಂಗ ಮೈ ಬುಟ್ಟು ಓಗಂಗಿಲ್ಲ. ನಡಿಯವ್ವ ಮನೆಗೆ." ಬದುಕುವ ದಾರಿ ಕಣ್ಣೆದುರಿಗಿರುವಾಗ ಹೀಗೂ ಮಾಡುತ್ತಾರೆಯೇ!

ಡಾಕ್ಟರು ಮೆಲ್ಲಗೆ ಕೇಳಿದರು: "ಪೂಜೆ ಮಾಡೋವಾಗ ಎಲ್ಲಿಟ್ಕೋತೀರಮ್ಮ?"

"ಎಡ ಅಂಗೈ ಮ್ಯಾಲೆ."

"ಈಗಲೂ ಅಲ್ಲೇ ಇರಲಿ."

ಅತ್ತೆ ಅವರನ್ನೇ ನೋಡಿದಳು. "ಡಾಕ್ಟ್ರು ಬುದ್ವಂತ್ರು ಕಣವ್ವ" ಎಂದು ಮತ್ತೆ ಹತ್ತಿ ಮಲಗಿದಳು.

ಕಲೆಗಳು ಮಾಸಿದವು, ನವೆ ನಿಂತಿತು. ಊರಿಗೆ ಹೋದವಳು ತನ್ನ ಕೈನೀರು ಒಲ್ಲೆನೆಂದಿದ್ದ ಮನೆಗಳಿಗೆಲ್ಲ ಹೋಗಿ ಬೆನ್ನು ತೋರಿಸಿ ಬಂದಳಂತೆ. ಒಂದು ವರ್ಷ ಸುಖವಾಗಿದ್ದಳು. ಆಮೇಲೆ ಕಂಕುಳಲ್ಲಿ ಗಂಟುಗಳೆದ್ದವು, ಊಟ ಸೇರದಾಯಿತು. ರೋಗ ಚರ್ಮ ಬಿಟ್ಟು ಒಳಕ್ಕಿಳಿದಿದೆ, ಇನ್ನು ಕಿರಣದಿಂದ ಪ್ರಯೋಜನವಿಲ್ಲ ಎಂದರು ಡಾಕ್ಟರು.

ಸಾವಿನ ಸುದ್ದಿ ತಿಳಿದು ನಾನು ಕಂಪಲಾಪುರ ತಲುಪುವಷ್ಟರಲ್ಲಿ ಹೆಂಗಸರು ಅತ್ತೆಯ ಮೈ ತೊಳೆಯುತ್ತಿದ್ದರು. ಹಿಂದೆ ಅವಳನ್ನು ಕಂಡರೆ ದೂರ ಸರಿಯುತ್ತಿದ್ದ ಪಕ್ಕದ ಮನೆಯ ಶಿವಮ್ಮನೇ ನೀರು ಹೊಯ್ಯುತ್ತಿದ್ದಳು. ಎದೆ ನೋಡಿದಳು, ಬೆನ್ನು ತಿರುಗಿಸಿ ನೋಡಿದಳು. ಚೊಂಬು ಹಿಡಿದ ಕೈ ನಿಂತುಹೋಯಿತು.

"ಏನೂ ಇಲ್ವಲ್ಲವ್ವಾ! ಎಳೆಮಗಿನ ಮೈ ಇದ್ದಂಗದೆ. ಮತ್ಯಾತ್ರಲ್ಲಿ ಸತ್ಲು?"

"ಅದೇ ಕಾಯಿಲೇಲಿ" ಎಂದೆ. ಒಬ್ಬರೂ ನಂಬಲಿಲ್ಲ.