ಪೆಟ್ಟಿಗೆ ಸದ್ಯ ಬಳಕೆಯಲ್ಲಿದೆ

ಅಕ್ಕಿಆಲೂರಿನ ನಮ್ಮ ಹಿತ್ತಿಲಲ್ಲಿ ಕಂಪ್ಯೂಟರಿನ ರಟ್ಟಿನ ಪೆಟ್ಟಿಗೆಗೆ ಕೈ ಹಾಕಿದ ಕಂಪನಿಯ ಮೆಕ್ಯಾನಿಕ್‌ನನ್ನು ಒಳಗೆ ಕಾವಿಗೆ ಕೂತಿದ್ದ ಕೋಳಿ ಕುಕ್ಕಿಯೇಬಿಟ್ಟಿತು. ವರ್ಷದೊಳಗೆ ನಾಲ್ಕು ಸಲ ಕೆಟ್ಟ ಕಂಪ್ಯೂಟರನ್ನು ಬದಲಿಸಿಕೊಡಲು ಅದರ ಪೆಟ್ಟಿಗೆಯೂ ಬೇಕೇಬೇಕೆಂದು ಕಂಪನಿಯ ಹಟ. ವಾರಂಟಿ ಮುಗಿಯಲು ಉಳಿದಿದ್ದು ನಾಲ್ಕೇ ದಿನ.

“ಕಾವಿಗೆ ಕುಂತ ಕೋಳಿ ಎಬ್ಬಸಬ್ಯಾಡ್ರಿ, ತತ್ತಿ ಕೆಡ್ತಾವ. ಎಂಟು ದಿನ ಬಿಟ್ಟು ಬರ್ರಿ,” ಎಂದು ಅವ್ವ ಅಡ್ಡ ನಿಂತಳು.

ಅಷ್ಟೊತ್ತಿಗೆ ವಾರಂಟಿ ಮುಗಿದಿರುತ್ತದೆಂದು ನಾನು ಮೆಕ್ಯಾನಿಕ್‌ನ ಮುಖ ನೋಡಿದೆ. ಆತ ಬೆರಳು ಚೀಪುತ್ತ, “ಎಷ್ಟು ತತ್ತಿ ಇಟ್ಟೀರಿ, ಅವ್ವಾರ?” ಎಂದು ಕೇಳಿದ. ಆಮೇಲೆ ಫಾರಂನಲ್ಲಿ ‘ಪೆಟ್ಟಿಗೆ ಇದೆ, ಸದ್ಯ ಬಳಕೆಯಲ್ಲಿದೆ’ ಎಂದು ಬರೆದು ನನ್ನ ಸಹಿ ಹಾಕಿಸಿಕೊಂಡ.

ಹೊಸ ಕಂಪ್ಯೂಟರ್ ಬಂತು. ನಾನದನ್ನು ಚಾಲೂ ಮಾಡುವ ಮೊದಲೇ ಅವ್ವ ಅದರ ಪೆಟ್ಟಿಗೆಯನ್ನು ಹಿತ್ತಿಲಿಗೆ ಒಯ್ದಳು. ಹಳೆಯ ಪೆಟ್ಟಿಗೆಯಿಂದ ಬಂದ ಕಂಪ್ಯೂಟರ್ ಒಂದು ವರ್ಷವೂ ನೆಟ್ಟಗೆ ನಡೆಯಲಿಲ್ಲ. ಅದೇ ಪೆಟ್ಟಿಗೆಯಿಂದ ಬಂದ ಒಂಬತ್ತು ಮರಿಗಳು ಅಂಗಳದ ತುಂಬ ಓಡಾಡುತ್ತಿವೆ.