ಅತ್ತೆ ಮೊಸರು ಬಿಟ್ಟದ್ದು

ಅಜ್ಜಂಪುರದ ಶಾಲೆಯೊಂದರಲ್ಲಿ ನಾನು ವಿಜ್ಞಾನ ಹೇಳಿಕೊಡುತ್ತೇನೆ. ಕಣ್ಣಿಗೆ ಕಾಣದ ಜೀವಿಗಳ ಪಾಠ ಬಂದಾಗ ಮನೆಯಿಂದ ಒಂದು ಬಟ್ಟಲು ಮೊಸರು ಒಯ್ದು, "ಇದರಲ್ಲಿ ಕೋಟಿಗಟ್ಟಲೆ ಜೀವಗಳಿವೆ, ಹಾಲನ್ನು ಮೊಸರು ಮಾಡುವುದು ಇವೇ" ಎಂದೆ. ಮಕ್ಕಳು ಬಾಯಿ ಬಿಟ್ಟುಕೊಂಡು ನೋಡಿದರು. ಅವರ ನಡುವೆ ನನ್ನ ಮಗಳೂ ಕೂತಿದ್ದಳು. ನನ್ನ ಗ್ರಹಚಾರ ಕೆಟ್ಟಿದ್ದು ಅಲ್ಲೇ.

ಸಂಜೆಯೊಳಗೆ ಸುದ್ದಿ ಅವಳ ಅಜ್ಜಿಗೆ ಮುಟ್ಟಿತ್ತು. ನಮ್ಮ ಅತ್ತೆ ಲಿಂಗಪೂಜೆ ಆಗದೆ ತೊಟ್ಟು ನೀರು ಕುಡಿಯುವವರಲ್ಲ. ಮೊಟ್ಟೆ ಹಾಕಿರುತ್ತಾರೆಂಬ ಗುಮಾನಿಯಿಂದ ಬೇಕರಿಯ ಕೇಕನ್ನೂ ಹೊಸಿಲು ದಾಟಿಸಿದವರಲ್ಲ.

"ಜೀವ ಇರೋದನ್ನ ಇಷ್ಟು ವರ್ಷ ಉಣ್ಣಿಸಿದ್ಯಲ್ಲೇ?" ಎಂದರು. ದಿನಾ ಹಾಲಿಗೆ ಹೆಪ್ಪು ಹಾಕುತ್ತಿದ್ದವರು ಅವರೇ!

"ಅತ್ತೆ, ಅವು ಪ್ರಾಣಿಗಳಲ್ಲ ಕಣ್ರೀ."

"ಮತ್ತೆ ಗಿಡನಾ?"

"ಗಿಡಾನೂ ಅಲ್ಲ."

"ಹಂಗಾದ್ರೆ ಏನೋ ಮುಚ್ಚಿಡ್ತಿದೀಯ ಬಿಡು."

ಮರುದಿನದಿಂದ ಅವರಿಗೆ ಮೊಸರು, ಮಜ್ಜಿಗೆ ಎರಡೂ ಬಂದ್; ಉಳಿದವರಿಗೆಂದು ನಾನೇ ಹೆಪ್ಪು ಹಾಕತೊಡಗಿದೆ. ದೋಸೆ ಹಿಟ್ಟಿನ ಪಾತ್ರೆಯ ಮುಚ್ಚಳ ತೆಗೆದು, "ಯಾಕೇ ಇದು ಉಬ್ಬೈತೆ?" ಎಂದು ನನ್ನ ಮುಖ ನೋಡಿದರು. ಸುಳ್ಳು ಹೇಳಲು ಬಾಯಿ ಬರಲಿಲ್ಲ. ದೋಸೆಯೂ ಹೋಯಿತು. ಹಲ್ಲಿಲ್ಲದ ಅವರಿಗೆ ಮೊಸರನ್ನವೇ ಊಟ. ಈಗ ಎರಡು ತುತ್ತು ಸಾರನ್ನಕ್ಕೆ ಕೈ ತೊಳೆದುಬಿಡುತ್ತಿದ್ದರು. ಕೈಬಳೆಗಳು ಸಡಿಲಾಗತೊಡಗಿದವು. ನನಗೆ ಸಿಟ್ಟೂ ಬಂತು, ಭಯವೂ ಆಯಿತು. ನನ್ನನ್ನು ಊರ ಬಾಯಿಗೆ ಹಾಕಲೆಂದೇ ಹೀಗೆ ಮಾಡುತ್ತಿದ್ದಾರೆ, ಕದ್ದು ತಿನ್ನುತ್ತಿರಬೇಕು ಎಂದು ಬೆಳಿಗ್ಗೆ ಎದ್ದವಳೇ ಮೊಸರಿನ ಗಡಿಗೆಯೊಳಗೆ ಇಣುಕುತ್ತಿದ್ದೆ. ಕೆನೆ ಹಾಗೇ ಇರುತ್ತಿತ್ತು.

ಒಂದು ಭಾನುವಾರ ಊಟಕ್ಕೆ ಕೂತಾಗ ಮಗಳು, "ಅಜ್ಜಿ, ನಿನ್ನ ಹೊಟ್ಟೇಲೂ ಅವು ಇದಾವೆ, ಗೊತ್ತಾ? ನೀನು ಉಂಡ್ರೇನೇ ಅವಕ್ಕೆ ಊಟ. ಮೊಸರಲ್ಲಿರೋವು ಅವುಗಳ ನೆಂಟರು" ಎಂದಳು.

ಅತ್ತೆಯ ಕೈ ತಟ್ಟೆಯಲ್ಲೇ ನಿಂತಿತು. ಬಾಗಿಲಿಗೆ ಬಂದವರನ್ನು ಉಣ್ಣಿಸದೆ ಕಳಿಸಿದವರಲ್ಲ ಅವರು. ದಾಸೋಹವೆಂದರೆ ಪೂಜೆಗಿಂತ ಒಂದು ಕೈ ಹೆಚ್ಚು.

"ಇಷ್ಟು ದಿನ ಹಸ್ಕೊಂಡಿದ್ವಾ?" ಎಂದರು ಮೆಲ್ಲಗೆ.

"ಹೂಂ ಮತ್ತೆ!"

"ಮೊಸರು ಬಡಿಸೇ" ಎಂದರು ನನಗೆ. ಬಡಿಸುವಾಗ ನನ್ನ ಕಣ್ಣು ತುಂಬಿತು. ಅವರು ಅನ್ನ ಕಲಸಿ, ತುತ್ತು ಎತ್ತಿ, ಮತ್ತೆ ನನ್ನನ್ನೇ ದುರುಗುಟ್ಟಿ ನೋಡಿದರು. "ಇದನ್ನೂ ನೀನೇ ಹೇಳ್ಕೊಟ್ಟಿದ್ದು ಅಲ್ವಾ?"

"ನಿಮ್ಮಾಣೆ ಇಲ್ಲ, ಅತ್ತೆ." ನಿಜವಾಗಿ ಆ ಪಾಠ ನಾನಿನ್ನೂ ಮಾಡಿರಲಿಲ್ಲ, ಹುಡುಗಿ ಪುಸ್ತಕದಲ್ಲಿ ತಾನೇ ಮುಂದೆ ಓದಿಕೊಂಡಿದ್ದಳು.

ಅವರು ನಂಬಲಿಲ್ಲ, ಇವತ್ತಿಗೂ ನಂಬಿಲ್ಲ. ಆದರೂ ಅವತ್ತು ಇನ್ನೊಂದು ಸೌಟು ಹಾಕಿಸಿಕೊಂಡರು, ಅವಕ್ಕೆ ಅಂತ.